ಬೆಳಕು ಬಿದ್ದರೆ ತಿರುಗುವ ಮೋಟಾರ್: ಸ್ಪರ್ಧೆಗೆ ಸರ್ಕ್ಯೂಟ್ ಕಟ್ಟುವುದು ಹೇಗೆ?

ವಿದ್ಯಾರ್ಥಿಗಳ ಎಂಜಿನಿಯರಿಂಗ್ ಸ್ಪರ್ಧೆ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳು ಎರಡೇ. ಒಂದು, "ಬೆಳಕಿನ ಸೆನ್ಸರನ್ನು ಮೋಟಾರ್‌ಗೆ ಜೋಡಿಸಿದೆ, ತಿರುಗುತ್ತಲೇ ಇಲ್ಲ, ಯಾಕೆ?" ಇನ್ನೊಂದು, "ಮನೆಯಲ್ಲಿ ಗಾಡಿ ಸರಿಯಾಗಿ ಓಡುತ್ತಿತ್ತು, ಸ್ಪರ್ಧೆಯ ಹಾಲ್‌ನಲ್ಲಿ ಸ್ವಿಚ್ ಹಾಕಿದ ಕೂಡಲೇ ತಾನಾಗಿ ಹೊರಟುಬಿಟ್ಟಿತು, ಏನು ಮಾಡಲಿ?" ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮೈಕ್ರೋಕಂಟ್ರೋಲರ್ ಬೇಡ, ಪ್ರೋಗ್ರಾಂ ಬೇಡ. ಬೆರಳೆಣಿಕೆಯ ಬಿಡಿಭಾಗಗಳು, ಒಂದು ಮಲ್ಟಿಮೀಟರ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಎರಡು ಸರ್ಕ್ಯೂಟ್ ಹೇಳುತ್ತೇನೆ. ಮೊದಲನೆಯದು ಒಂದೇ ಟ್ರಾನ್ಸಿಸ್ಟರ್‌ನದು (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟನ್ನು ನಿಯಂತ್ರಿಸುವ ಭಾಗ ಅದು), ಅರ್ಧ ಗಂಟೆಯಲ್ಲಿ ಕಟ್ಟಬಹುದು. ಎರಡನೆಯದರಲ್ಲಿ ಒಂದು ಚಿಕ್ಕ ಐಸಿ, ಅಂದರೆ ಇಡೀ ಸರ್ಕ್ಯೂಟನ್ನೇ ಒಳಗೆ ಅಡಗಿಸಿಟ್ಟ ಚಿಪ್, ಇದೆ, ಸ್ಪರ್ಧೆಗೆ ನಂಬಬಹುದಾದದ್ದು ಅದೇ. ಆದರೂ ಮೊದಲನೆಯದನ್ನು ಕಟ್ಟಿ ನೋಡದೆ ಎರಡನೆಯದಕ್ಕೆ ಹಾರಬೇಡಿ. ಅದರಲ್ಲಿ ಆಗುವ ತೊಂದರೆಗಳನ್ನು ನೀವೇ ಕಂಡರೆ ಐಸಿ ಯಾಕೆ ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹಂತ 1: ಮೊದಲು ನಿಯಮ ಓದಿ

ಇದನ್ನು ಬಿಟ್ಟು ಕೆಲಸ ಶುರು ಮಾಡುವವರೇ ಜಾಸ್ತಿ. ಬ್ಯಾಟರಿ ಎಷ್ಟು ವೋಲ್ಟ್ ದಾಟಬಾರದು? ಅಂಗಡಿಯಲ್ಲಿ ಸಿಗುವ ಸಿದ್ಧ ಸೆನ್ಸರ್ ಮಾಡ್ಯೂಲ್ ಬಳಸಬಹುದಾ? ಬೆಳಕು ಇರುವಷ್ಟು ಹೊತ್ತು ಮಾತ್ರ ಮೋಟಾರ್ ತಿರುಗಬೇಕಾ, ಅಥವಾ ಒಮ್ಮೆ ಬೆಳಕು ಬಿದ್ದ ಮೇಲೆ ತಿರುಗುತ್ತಲೇ ಇರಬೇಕಾ? ಟಾರ್ಚ್ ನಿಮ್ಮದಾ, ಅವರು ಕೊಡುವುದಾ? ಎಷ್ಟು ದೂರದಿಂದ ಬಿಡುತ್ತಾರೆ? ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಸರ್ಕ್ಯೂಟ್‌ನ ಅರ್ಧ ತೀರ್ಮಾನಗಳು ಅಲ್ಲೇ ಆಗಿಬಿಡುತ್ತವೆ.

ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಬೆಳಕಿನ ಸೆನ್ಸರ್ ಆಗಿ ಎಲ್‌ಡಿಆರ್ ತೆಗೆದುಕೊಳ್ಳಿ. ಮೇಲೆ ಹಾವಿನಂತೆ ಸುತ್ತಿದ ಗೆರೆ ಇರುವ ಚಿಕ್ಕ ಬಿಲ್ಲೆ ಅದು. ಕತ್ತಲಲ್ಲಿ ಅದರ ರೋಧ, ಅಂದರೆ ಕರೆಂಟನ್ನು ತಡೆಯುವ ಗುಣ, ತುಂಬಾ ಹೆಚ್ಚು. ಬೆಳಕು ಬಿದ್ದಷ್ಟೂ ಇಳಿಯುತ್ತದೆ. ಜಿಎಲ್5528 ಅನ್ನುವ ಸಾಮಾನ್ಯ ಮಾದರಿ 10 ಲಕ್ಸ್ ಮಂದ ಬೆಳಕಿನಲ್ಲಿ 8ರಿಂದ 20 ಕಿಲೋ ಓಮ್ ತೋರಿಸುತ್ತದೆ, ಪೂರ್ತಿ ಕತ್ತಲಲ್ಲಿ 1 ಮೆಗಾ ಓಮ್ ಮುಟ್ಟುತ್ತದೆ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅನ್ನುವ ಅಳತೆ. 8ರಿಂದ 20 ಅಂದೆನಲ್ಲ, ಆ ವ್ಯತ್ಯಾಸ ಗಮನಿಸಿ. ಒಂದೇ ಪ್ಯಾಕೆಟ್‌ನ ಎರಡು ಎಲ್‌ಡಿಆರ್‌ಗಳೂ ಒಂದೇ ಥರ ಇರುವುದಿಲ್ಲ. ಹಾಗಾಗಿ ಬೇರೆಯವರ ಸರ್ಕ್ಯೂಟ್‌ನ ಬೆಲೆಗಳನ್ನು ಸುಮ್ನೆ ನಕಲು ಮಾಡಿದರೆ ನಿಮ್ಮದು ಕೆಲಸ ಮಾಡದೇ ಹೋಗಬಹುದು.

ಫೋಟೋಟ್ರಾನ್ಸಿಸ್ಟರ್ ಬಳಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬಳಸಬಹುದು, ಎಲ್‌ಡಿಆರ್‌ಗಿಂತ ಬಹಳ ವೇಗವಾಗಿ ಸ್ಪಂದಿಸುತ್ತದೆ. ಆದರೆ ಅದಕ್ಕೆ ಚೆನ್ನಾಗಿ ಕಾಣುವುದು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಬಿಳಿ ಎಲ್‌ಇಡಿ ಟಾರ್ಚ್‌ನಲ್ಲಿ ಇನ್‌ಫ್ರಾರೆಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಬಿಸಿಲಿನಲ್ಲಿ ಮಾತ್ರ ಬೇಕಾದಷ್ಟಿದೆ. ಹಾಗಾಗಿ ಟಾರ್ಚ್ ಬಿಟ್ಟರೆ ಸುಮ್ಮನಿರುವ ಸೆನ್ಸರ್ ಕಿಟಕಿಯ ಬಿಸಿಲಿಗೆ ಎದ್ದು ಕೂರುತ್ತದೆ. ಅದರಲ್ಲೂ ಕಪ್ಪು ಕವಚದ ಫೋಟೋಟ್ರಾನ್ಸಿಸ್ಟರ್ ಟಾರ್ಚ್‌ಗೆ ಆಗುವುದೇ ಇಲ್ಲ. ಎಲ್‌ಡಿಆರ್ ಹಾಗಲ್ಲ, ಹೆಚ್ಚುಕಡಿಮೆ ನಮ್ಮ ಕಣ್ಣಿನಂತೆಯೇ ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಇದರಲ್ಲಿ ಕ್ಯಾಡ್ಮಿಯಂ ಇದೆ, ಅದು ವಿಷ. ಉಜ್ಜುವುದು, ಒಡೆಯುವುದು, ಸುಡುವುದು ಬೇಡ.

ಉಳಿದ ಸಾಮಾನು ಇಷ್ಟು: 3ರಿಂದ 6 ವೋಲ್ಟ್‌ನ ಚಿಕ್ಕ ಡಿಸಿ ಮೋಟಾರ್, ನಾಲ್ಕು ಎಎ ಸೆಲ್ ಹಿಡಿಯುವ ಹೋಲ್ಡರ್, ಟಿಐಪಿ122 ಟ್ರಾನ್ಸಿಸ್ಟರ್, ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್, ಎಲ್‌ಎಂ393 ಐಸಿ, ಎರಡು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಒಂದು 1ಎನ್4148 ಡಯೋಡ್, 10 ಕಿಲೋ ಓಮ್ ಪ್ರೀಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ರೋಧ ಬದಲಿಸುವ ಚಿಕ್ಕ ಭಾಗ), ಬೇರೆಬೇರೆ ರೆಸಿಸ್ಟರ್‌ಗಳು, 0.1 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್ (ಸ್ವಲ್ಪ ಚಾರ್ಜ್ ಹಿಡಿದಿಟ್ಟುಕೊಳ್ಳುವ ಭಾಗ), 1 ಮತ್ತು 470 ಮೈಕ್ರೋಫ್ಯಾರಡ್‌ನ ಒಂದೊಂದು, ಒಂದು ಎಲ್‌ಇಡಿ, ಬ್ರೆಡ್‌ಬೋರ್ಡ್ (ಸೋಲ್ಡರ್ ಮಾಡದೆ ತೂತುಗಳಿಗೆ ಸಿಕ್ಕಿಸಿ ಸರ್ಕ್ಯೂಟ್ ಕಟ್ಟುವ ಹಲಗೆ).

ಚೌಕಾಕಾರದ 9 ವೋಲ್ಟ್ ಬ್ಯಾಟರಿ ಮಾತ್ರ ಬೇಡ. ದಯವಿಟ್ಟು ಬೇಡ. ವೋಲ್ಟೇಜ್ ಜಾಸ್ತಿ ಇದೆ, ಮೋಟಾರ್ ಜೋರಾಗಿ ತಿರುಗುತ್ತದೆ ಅಂದುಕೊಂಡು ಎಲ್ಲರೂ ಅದನ್ನೇ ತರುತ್ತಾರೆ. ಅದು ಹೊಗೆ ಅಲಾರಂನಂಥ ಕಡಿಮೆ ಕರೆಂಟ್ ಎಳೆಯುವ ಸಾಧನಗಳಿಗೆ ಮಾಡಿದ್ದು. ಒಳಗಿನ ರೋಧ ಹೆಚ್ಚಿರುವುದರಿಂದ ಮೋಟಾರ್ ಎಳೆದ ತಕ್ಷಣ ಅದರ ವೋಲ್ಟೇಜ್ ಕುಸಿಯುತ್ತದೆ, ಜೊತೆಗೆ ನಿಮ್ಮ ಸರ್ಕ್ಯೂಟ್ ಕೂಡ. ನಾಲ್ಕು ಎಎ ಆಲ್ಕಲೈನ್ ಸೆಲ್ 6 ವೋಲ್ಟ್ ಕೊಡುತ್ತವೆ, ರೀಚಾರ್ಜ್ ಆಗುವ ಎನ್‌ಐಎಂಎಚ್ ಸೆಲ್ ಆದರೆ 4.8 ವೋಲ್ಟ್. ಎರಡೂ ನಡೆಯುತ್ತವೆ.

ಹಂತ 3: ಮೋಟಾರ್ ಎಷ್ಟು ಕರೆಂಟ್ ಕೇಳುತ್ತದೆ, ಅಳೆಯಿರಿ

ಸೆನ್ಸರನ್ನು ನೇರವಾಗಿ ಮೋಟಾರ್‌ಗೆ ಜೋಡಿಸಿದರೆ ಯಾಕೆ ತಿರುಗುವುದಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಟಾರ್ಚ್ ಬಿಟ್ಟಾಗ ಎಲ್‌ಡಿಆರ್‌ನ ರೋಧ 400 ಓಮ್‌ಗೆ ಇಳಿಯಿತು ಅಂದುಕೊಳ್ಳಿ. 6 ವೋಲ್ಟನ್ನು 400ರಿಂದ ಭಾಗಿಸಿದರೆ 15 ಮಿಲಿ ಆಂಪಿಯರ್. ಅದಕ್ಕಿಂತ ಹೆಚ್ಚು ಅದರ ಮೂಲಕ ಹರಿಯಲಾರದು. ಚಿಕ್ಕ ಮೋಟಾರ್‌ಗೆ ಯಾವ ಹೊರೆಯೂ ಇಲ್ಲದೆ ತಿರುಗಲಿಕ್ಕೇ 100ರಿಂದ 200 ಮಿಲಿ ಆಂಪಿಯರ್ ಬೇಕು. ಎಲ್‌ಡಿಆರ್ ಸುದ್ದಿ ಮುಟ್ಟಿಸುತ್ತದೆ ಅಷ್ಟೇ, ಮೋಟಾರ್‌ಗೆ ಬೇಕಾದ ಕರೆಂಟ್ ಕೊಡಲು ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು.

ಅಳೆಯಲು ಮಲ್ಟಿಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿ, ಮೀಟರ್, ಮೋಟಾರ್ ಮೂರನ್ನೂ ಒಂದರ ಹಿಂದೆ ಒಂದು ಸರಪಳಿಯಂತೆ ಜೋಡಿಸಿ. ಸುಮ್ನೆ ತಿರುಗುವಾಗ ಎಷ್ಟು ಅಂತ ಬರೆದುಕೊಳ್ಳಿ. ಆಮೇಲೆ ಅಚ್ಚನ್ನು ಬೆರಳಿನಿಂದ ಒಂದೇ ಒಂದು ಸೆಕೆಂಡ್ ಹಿಡಿದು ನಿಲ್ಲಿಸಿ, ಆಗ ಎಷ್ಟು ಅಂತ ಬರೆದುಕೊಳ್ಳಿ. ಈ ಎರಡನೆಯ ಸಂಖ್ಯೆ ಮೊದಲನೆಯದರ ಐದಾರು ಪಟ್ಟು ಇರುವುದು ಮಾಮೂಲು, 1 ಆಂಪಿಯರ್ ದಾಟಿದರೂ ಗಾಬರಿ ಬೇಡ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಪ್ರತಿ ಸಲವೂ ಇಷ್ಟೇ ಎಳೆಯುತ್ತದೆ, ಹಾಗಾಗಿ ಟ್ರಾನ್ಸಿಸ್ಟರ್ ಆರಿಸುವಾಗ ನೋಡಬೇಕಾದದ್ದು ಈ ಎರಡನೆಯ ಸಂಖ್ಯೆಯನ್ನೇ. ಎಲ್ಲರ ಡಬ್ಬಿಯಲ್ಲೂ ಇರುವ ಬಿಸಿ547 ಮೋಟಾರ್‌ಗೆ ಯಾಕೆ ಆಗುವುದಿಲ್ಲ ಅಂದರೆ ಅದರ ಮಿತಿ 100 ಮಿಲಿ ಆಂಪಿಯರ್. ಟಿಐಪಿ122ರ ಮಿತಿ 5 ಆಂಪಿಯರ್.

ಅಳತೆ ಮುಗಿದ ಮೇಲೆ ಮೀಟರ್‌ನ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೆಯೇ ಬ್ಯಾಟರಿಯ ಎರಡು ತುದಿ ಮುಟ್ಟಿಸಿದರೆ ಶಾರ್ಟ್ ಆಗುತ್ತದೆ.

ಹಂತ 4: ಎಲ್‌ಡಿಆರ್‌ನ ಎರಡು ಅಳತೆ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. "ಬೆಳಕು ಇದೆ", "ಬೆಳಕು ಇಲ್ಲ" ಅನ್ನುವುದು ಸರ್ಕ್ಯೂಟ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಹೆಚ್ಚು, ಕಡಿಮೆ ಮಾತ್ರ. ಎಷ್ಟಕ್ಕಿಂತ ಹೆಚ್ಚಾದರೆ ಹೊರಡಬೇಕು ಅನ್ನುವ ಗಡಿಯನ್ನು ನೀವೇ ಹಾಕಿಕೊಡಬೇಕು.

ಮೊದಲು ಎಲ್‌ಡಿಆರ್‌ಗೆ ಒಂದು ಕೊಳವೆ ಹಾಕಿ. ಕಪ್ಪು ಕಾಗದ ಸುತ್ತಿದರೂ ಸರಿ, 3-4 ಸೆಂಟಿಮೀಟರ್ ಉದ್ದ ಇರಲಿ, ಒಳಗೆ ಹೊಳಪು ಇರಬಾರದು. ಹಿಂಬದಿಯನ್ನೂ ಕಪ್ಪು ಟೇಪಿನಿಂದ ಮುಚ್ಚಿ. ಈಗ ಅದು ಎದುರಿನಿಂದ ಬರುವ ಬೆಳಕನ್ನು ಮಾತ್ರ ನೋಡುತ್ತದೆ, ಛಾವಣಿಯ ದೀಪವನ್ನಲ್ಲ. ಯಾವ ಐಸಿಯೂ ಮಾಡದಷ್ಟು ಕೆಲಸವನ್ನು ಈ ಕಾಗದದ ಕೊಳವೆ ಮಾಡುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೋಣೆಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ನೇರ ಬಿಸಿಲಿನಲ್ಲಿ ಒಂದು ಲಕ್ಷದ ಹತ್ತಿರ ಇರುತ್ತದೆ. ಬರಿಯ ಎಲ್‌ಡಿಆರ್ ಕಿಟಕಿ ಪಕ್ಕ ಇದ್ದರೆ ನಿಮ್ಮ ಟಾರ್ಚ್ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ಡ್ರಾಯರ್‌ನೊಳಗೆ ಕತ್ತಲಲ್ಲಿ ದಿನಗಟ್ಟಲೆ ಬಿದ್ದಿದ್ದ ಎಲ್‌ಡಿಆರ್ ಆದರೆ ಸ್ವಲ್ಪ ಹೊತ್ತು ಬೆಳಕಿನಲ್ಲಿಟ್ಟು ಆಮೇಲೆ ಅಳೆಯಿರಿ. ಹಿಂದೆ ಎಷ್ಟು ಬೆಳಕು ಕಂಡಿತ್ತು ಅನ್ನುವುದರ ಪರಿಣಾಮ ಅದರ ಮೇಲೆ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಈಗ ಮೀಟರನ್ನು ಓಮ್‌ಗೆ ತಿರುಗಿಸಿ. ಕೊಳವೆ ಹಾಕಿದ ಎಲ್‌ಡಿಆರನ್ನು ಕೋಣೆಯ ಬೆಳಕಿನಲ್ಲಿ ಒಮ್ಮೆ, ಸ್ಪರ್ಧೆಯಲ್ಲಿ ಹೇಳಿರುವ ದೂರದಿಂದ ಟಾರ್ಚ್ ಬಿಟ್ಟು ಇನ್ನೊಮ್ಮೆ ಅಳೆಯಿರಿ. ದೂರ ಮುಖ್ಯ. ಚಿಕ್ಕ ಬಲ್ಬ್‌ನಿಂದ ಎರಡು ಪಟ್ಟು ದೂರ ಹೋದರೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಉದಾಹರಣೆಗೆ ಕೋಣೆಯಲ್ಲಿ 4000 ಓಮ್, ಟಾರ್ಚ್‌ನಲ್ಲಿ 400 ಓಮ್ ಬಂತು ಅಂತಿಟ್ಟುಕೊಳ್ಳಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ, ಸುಮಾರು 1265 ಬರುತ್ತದೆ. ಅದಕ್ಕೆ ಹತ್ತಿರದ 1.2 ಕಿಲೋ ಓಮ್ ರೆಸಿಸ್ಟರನ್ನು ಎಲ್‌ಡಿಆರ್ ಜೊತೆಗೆ ಸರಣಿಯಲ್ಲಿ ಹಾಕಿದರೆ ವೋಲ್ಟೇಜ್ ಡಿವೈಡರ್ ತಯಾರು. ಅಂದರೆ ಬ್ಯಾಟರಿಯ ವೋಲ್ಟೇಜನ್ನು ಎರಡು ಭಾಗಕ್ಕೆ ಹಂಚುವ ಜೋಡಿ. ಎಲ್‌ಡಿಆರ್ ಮೇಲೆ, ಅಂದರೆ ಪಾಸಿಟಿವ್ ಕಡೆ. ರೆಸಿಸ್ಟರ್ ಕೆಳಗೆ, ನೆಗೆಟಿವ್ ಕಡೆ. ಎರಡೂ ಸೇರುವ ಜಾಗದಲ್ಲಿ ಕೋಣೆಯ ಬೆಳಕಿಗೆ ಸುಮಾರು 1.4 ವೋಲ್ಟ್, ಟಾರ್ಚ್‌ಗೆ 4.5 ವೋಲ್ಟ್ ಬರುತ್ತದೆ. ಮೂರು ವೋಲ್ಟ್‌ಗೂ ಹೆಚ್ಚು ಅಂತರ! ಅದೇ ಜಾಗಕ್ಕೆ ಎಲ್ಲೋ ನೋಡಿದ 10 ಕಿಲೋ ಓಮ್ ಹಾಕಿದ್ದರೆ 4.3 ಮತ್ತು 5.8 ಬರುತ್ತಿತ್ತು, ಅಂತರ ಅರ್ಧಕ್ಕೆ ಇಳಿಯುತ್ತಿತ್ತು. ಒಂದು ವರ್ಗಮೂಲಕ್ಕೆ ಇಷ್ಟು ಲಾಭ ಸಿಗುತ್ತದೆ ಅಂದರೆ ಲೆಕ್ಕ ಮಾಡಬಹುದು ಅಲ್ವಾ?

ಹಂತ 5: ಒಂದು ಟ್ರಾನ್ಸಿಸ್ಟರ್‌ನ ಸರ್ಕ್ಯೂಟ್

ಟಿಐಪಿ122 ಅನ್ನುವುದು ಡಾರ್ಲಿಂಗ್ಟನ್ ಟ್ರಾನ್ಸಿಸ್ಟರ್, ಅಂದರೆ ಒಂದೇ ಕವಚದೊಳಗೆ ಒಂದರ ಹಿಂದೆ ಒಂದು ಎರಡು ಟ್ರಾನ್ಸಿಸ್ಟರ್. 1 ಮಿಲಿ ಆಂಪಿಯರ್ ಕೊಟ್ಟರೆ ಸಾವಿರ ಪಟ್ಟು ಕರೆಂಟನ್ನು ನಿಯಂತ್ರಿಸಬಲ್ಲದು. ಅಕ್ಷರ ನಿಮ್ಮ ಕಡೆಗೆ, ಕಾಲು ಕೆಳಗೆ ಬರುವಂತೆ ಹಿಡಿದರೆ ಎಡದಿಂದ ಬೇಸ್, ಕಲೆಕ್ಟರ್, ಎಮಿಟರ್.

ಜೋಡಣೆ ಹೀಗೆ. ಬ್ಯಾಟರಿಯ ಪಾಸಿಟಿವ್‌ನಿಂದ ಎಲ್‌ಡಿಆರ್, ಅದರ ಇನ್ನೊಂದು ಕಾಲಿಗೆ 1 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಬೇಸ್‌ಗೆ. ಬೇಸ್‌ನಿಂದ ನೆಗೆಟಿವ್‌ಗೆ ಪ್ರೀಸೆಟ್: ಅದರ ನಡುವಿನ ಕಾಲು ಮತ್ತು ಒಂದು ಪಕ್ಕದ ಕಾಲು ಮಾತ್ರ ಬಳಸಿ. ಎಮಿಟರ್ ನೇರ ನೆಗೆಟಿವ್‌ಗೆ. ಮೋಟಾರ್‌ನ ಒಂದು ತುದಿ ಪಾಸಿಟಿವ್‌ಗೆ, ಇನ್ನೊಂದು ಕಲೆಕ್ಟರ್‌ಗೆ. ಆ 1 ಕಿಲೋ ಓಮ್ ಯಾಕೆ ಅಂದರೆ, ಜೋರು ಬೆಳಕಿನಲ್ಲಿ ಎಲ್‌ಡಿಆರ್‌ನ ರೋಧ 100 ಓಮ್‌ಗೆ ಇಳಿದುಬಿಟ್ಟರೆ ಅದರ ಮೂಲಕ ಹೆಚ್ಚು ಕರೆಂಟ್ ಹರಿದು ಅದೇ ಬಿಸಿಯಾಗಿ ಹಾಳಾಗಬಾರದು ಅಂತ.

ಮೋಟಾರ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿ, ಬಿಳಿ ಪಟ್ಟಿ ಇರುವ ತುದಿ ಪಾಸಿಟಿವ್ ಕಡೆಗೆ. ಮೋಟಾರ್ ಒಳಗೆ ತಂತಿಯ ಸುರುಳಿ ಇದೆ. ಕರೆಂಟ್ ತಟ್ಟನೆ ನಿಂತಾಗ ಸುರುಳಿ ಒಂದು ಕ್ಷಣ ದೊಡ್ಡ ವೋಲ್ಟೇಜನ್ನು ವಾಪಸ್ ಒದೆಯುತ್ತದೆ. ಡಯೋಡ್ ಅದಕ್ಕೆ ಸುತ್ತಿ ಹೋಗಲು ದಾರಿ ಮಾಡಿಕೊಡುತ್ತದೆ. ಇಲ್ಲದಿದ್ದರೆ ಟ್ರಾನ್ಸಿಸ್ಟರ್ ಇವತ್ತಲ್ಲದಿದ್ದರೆ ನಾಳೆ ಸಾಯುತ್ತದೆ, ಅದೂ ಸ್ಪರ್ಧೆಯ ದಿನವೇ ಸಾಯಬಹುದು. ಪಟ್ಟಿ ತಿರುಗುಮುರುಗಾದರೆ ಡಯೋಡ್ ಮೂಲಕ ಬ್ಯಾಟರಿಯೇ ಶಾರ್ಟ್ ಆಗುತ್ತದೆ, ಹಾಕುವ ಮುಂಚೆ ಎರಡು ಸಲ ನೋಡಿ. ಇದಲ್ಲದೆ ಮೋಟಾರ್‌ನ ಎರಡು ತುದಿಗೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು, ಮೇಲೆ 104 ಅಂತ ಬರೆದಿರುತ್ತದೆ, ನೇರವಾಗಿ ಸೋಲ್ಡರ್ ಮಾಡಿ. ಮೋಟಾರ್‌ನ ಬ್ರಷ್‌ಗಳಿಂದ ಬರುವ ಕಿಡಿಯ ಗದ್ದಲ ಅಲ್ಲೇ ಅಡಗುತ್ತದೆ.

ಮೊದಲ ಸಲ ಪವರ್ ಕೊಡುವಾಗ ಮೋಟಾರ್ ಬೇಡ. ಅದರ ಜಾಗದಲ್ಲಿ 470 ಓಮ್ ರೆಸಿಸ್ಟರ್ ಜೊತೆ ಒಂದು ಎಲ್‌ಇಡಿ ಹಾಕಿ ನೋಡಿ. ಟಾರ್ಚ್ ಬಿಟ್ಟಾಗ ಹತ್ತಿ, ತೆಗೆದಾಗ ಆರುವವರೆಗೆ ಪ್ರೀಸೆಟ್ ತಿರುಗಿಸಿ. ಆಮೇಲೆ ಮೋಟಾರ್ ಹಾಕಿ. ಆ ಎಲ್‌ಇಡಿಯ ಬೆಳಕು ಎಲ್‌ಡಿಆರ್ ಮೇಲೆ ಬೀಳದಂತೆ ದೂರ ಇಡಿ. ತನ್ನ ಬೆಳಕಿಗೆ ತಾನೇ ಹತ್ತಿ ಆರದೇ ಉಳಿಯುವ ಸರ್ಕ್ಯೂಟ್‌ಗಳನ್ನು ಎಷ್ಟೋ ಸಲ ನೋಡಿದ್ದೇನೆ.

ಇದರ ತೊಂದರೆ ಏನು? ಬೆಳಕು ನಿಧಾನವಾಗಿ ಹೆಚ್ಚಿದರೆ ಟ್ರಾನ್ಸಿಸ್ಟರ್ ಕೂಡ ನಿಧಾನವಾಗಿ ತೆರೆದುಕೊಳ್ಳುತ್ತದೆ. ಅರ್ಧ ತೆರೆದಾಗ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಟ್ರಾನ್ಸಿಸ್ಟರ್ ಬಿಸಿಯಾಗುತ್ತದೆ. ಪೂರ್ತಿ ತೆರೆದಾಗಲೂ ಡಾರ್ಲಿಂಗ್ಟನ್ ತನಗೆ ಅಂತ ಸುಮಾರು 1 ವೋಲ್ಟ್ ಇಟ್ಟುಕೊಳ್ಳುತ್ತದೆ, ಮೋಟಾರ್‌ಗೆ ಸಿಗುವುದು 5. ಸೆಲ್ ಸ್ವಲ್ಪ ಇಳಿದರೆ ನೀವು ಹಾಕಿದ ಗಡಿಯೂ ಜರುಗುತ್ತದೆ. ಟಿಐಪಿ122ರ ಬೆನ್ನಿನ ಲೋಹದ ಪಟ್ಟಿ ಒಳಗೆ ಕಲೆಕ್ಟರ್‌ಗೆ ಸೇರಿರುತ್ತದೆ, ಅದು ಬೇರೆ ಯಾವ ಲೋಹಕ್ಕೂ ತಾಗದಿರಲಿ.

ಆದರೆ ಈ ನಿಧಾನದ ಗುಣವೇ ಬೇಕಾಗುವ ಒಂದು ಕೆಲಸ ಇದೆ: ಬೆಳಕಿನ ಹಿಂದೆ ಹೋಗುವ ಗಾಡಿ. ಇದೇ ಸರ್ಕ್ಯೂಟನ್ನು ಎರಡು ಸಲ ಕಟ್ಟಿ. ಎಡಗಡೆಯ ಎಲ್‌ಡಿಆರ್ ಬಲಗಡೆಯ ಮೋಟಾರನ್ನು, ಬಲಗಡೆಯದು ಎಡಗಡೆಯದನ್ನು ನಡೆಸುವಂತೆ ಅಡ್ಡಡ್ಡ ಜೋಡಿಸಿ. ಎಡಗಡೆ ಬೆಳಕು ಜಾಸ್ತಿ ಇದ್ದರೆ ಬಲಗಾಲಿ ಜೋರಾಗಿ ತಿರುಗಿ ಗಾಡಿ ಎಡಕ್ಕೆ, ಅಂದರೆ ಬೆಳಕಿನ ಕಡೆಗೆ ಹೊರಳುತ್ತದೆ. ಅಡ್ಡ ಜೋಡಿಸದೆ ನೇರ ಜೋಡಿಸಿದರೆ ಬೆಳಕಿನಿಂದ ದೂರ ಓಡುತ್ತದೆ. ಬೆಳಕು ಹೆಚ್ಚಿದಂತೆ ವೇಗ ಹೆಚ್ಚುವುದರಿಂದ ಗಾಡಿ ನುಣುಪಾಗಿ ತಿರುಗುತ್ತದೆ. ಗೇರ್ ಇರುವ ಮೋಟಾರ್ ಬಳಸಿ, ಇಲ್ಲದಿದ್ದರೆ ಕಡಿಮೆ ವೋಲ್ಟೇಜ್‌ನಲ್ಲಿ ಗಾಡಿ ಕದಲುವುದಿಲ್ಲ.

ಹಂತ 6: ಎಲ್‌ಎಂ393 ಹಾಕಿದ ಸರ್ಕ್ಯೂಟ್

ಎಲ್‌ಎಂ393 ಅನ್ನುವುದು ಕಂಪ್ಯಾರೇಟರ್. ಎರಡು ವೋಲ್ಟೇಜ್ ಕೊಟ್ಟರೆ ಯಾವುದು ಹೆಚ್ಚು ಅಂತ ಹೇಳುತ್ತದೆ, ಹೌದು ಅಥವಾ ಇಲ್ಲ, ನಡುವಿನ ಮಾತಿಲ್ಲ. ಒಂದು ಕಡೆ ಎಲ್‌ಡಿಆರ್ ಡಿವೈಡರ್‌ನ ವೋಲ್ಟೇಜ್, ಇನ್ನೊಂದು ಕಡೆ ಪ್ರೀಸೆಟ್‌ನಿಂದ ನೀವು ಹಾಕಿದ ಗಡಿ. ಎರಡೂ ಒಂದೇ ಬ್ಯಾಟರಿಯಿಂದ ಬರುವುದರಿಂದ ಸೆಲ್ ಇಳಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಹೋಲಿಕೆ ಕೆಡುವುದಿಲ್ಲ. ಈ ಸರ್ಕ್ಯೂಟ್‌ನಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ.

ಐಸಿಯ ಕಚ್ಚು ಮೇಲೆ ಬರುವಂತೆ ಹಿಡಿದರೆ ಎಡಗಡೆ ಮೇಲಿನದು 1ನೇ ಪಿನ್. ಅಲ್ಲಿಂದ ಕೆಳಗೆ 4ರವರೆಗೆ, ಮತ್ತೆ ಬಲಗಡೆ ಕೆಳಗಿನಿಂದ ಮೇಲೆ 5ರಿಂದ 8. ನಿಧಾನವಾಗಿ ಒಂದೊಂದೇ ಜೋಡಿಸಿ:

1. 8ನೇ ಪಿನ್ ಪಾಸಿಟಿವ್‌ಗೆ, 4ನೇ ಪಿನ್ ನೆಗೆಟಿವ್‌ಗೆ. ಈ ಎರಡರ ನಡುವೆ, ಐಸಿಗೆ ತೀರಾ ಹತ್ತಿರ, 0.1 ಮೈಕ್ರೋಫ್ಯಾರಡ್. ಬ್ಯಾಟರಿ ತಂತಿಗಳು ಬೋರ್ಡ್‌ಗೆ ಬರುವ ಕಡೆ 470 ಮೈಕ್ರೋಫ್ಯಾರಡ್.

2. ಪಾಸಿಟಿವ್‌ನಿಂದ ಎಲ್‌ಡಿಆರ್, ಅದರ ಕೆಳಗೆ ಹಂತ 4ರಲ್ಲಿ ಲೆಕ್ಕ ಹಾಕಿದ ರೆಸಿಸ್ಟರ್ ನೆಗೆಟಿವ್‌ಗೆ. ಇವೆರಡೂ ಸೇರುವ ಜಾಗವನ್ನು ನಡುಗಂಟು ಅಂತ ಕರೆಯೋಣ. ನಡುಗಂಟಿನಿಂದ 10 ಕಿಲೋ ಓಮ್ ಮೂಲಕ 3ನೇ ಪಿನ್‌ಗೆ. 3ನೇ ಪಿನ್‌ನಿಂದ ನೆಗೆಟಿವ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಪ್ಲಸ್ ಕಾಲು ಪಿನ್ ಕಡೆಗೆ.

3. ಪ್ರೀಸೆಟ್‌ನ ಎರಡು ಪಕ್ಕದ ಕಾಲುಗಳು ಪಾಸಿಟಿವ್ ಮತ್ತು ನೆಗೆಟಿವ್‌ಗೆ, ನಡುವಿನ ಕಾಲು 2ನೇ ಪಿನ್‌ಗೆ.

4. 1ನೇ ಪಿನ್‌ನಿಂದ ಪಾಸಿಟಿವ್‌ಗೆ 4.7 ಕಿಲೋ ಓಮ್. ಇದನ್ನು ಬಿಟ್ಟವರದು ಯಾವತ್ತೂ ಕೆಲಸ ಮಾಡಿಲ್ಲ. ಎಲ್‌ಎಂ393ರ ಔಟ್‌ಪುಟ್ ಕೆಳಗೆ ಎಳೆಯಬಲ್ಲದು ಅಷ್ಟೇ, ಮೇಲೆ ಎತ್ತಲಾರದು. ಮೇಲೆ ಎತ್ತುವುದು ಈ ರೆಸಿಸ್ಟರ್‌ನ ಕೆಲಸ, ಇದಕ್ಕೆ ಪುಲ್‌ಅಪ್ ಅನ್ನುತ್ತಾರೆ.

5. 1ನೇ ಪಿನ್‌ನಿಂದ 3ನೇ ಪಿನ್‌ಗೆ 220 ಕಿಲೋ ಓಮ್.

6. 5 ಮತ್ತು 6ನೇ ಪಿನ್ ನೆಗೆಟಿವ್‌ಗೆ, 7ನ್ನು ಹಾಗೆಯೇ ಬಿಡಿ. ಐಸಿಯ ಒಳಗೆ ಎರಡನೇ ಕಂಪ್ಯಾರೇಟರ್ ಇದೆ, ಅದನ್ನು ಸುಮ್ಮನಿರಿಸಲು ಇದು.

7. 1ನೇ ಪಿನ್‌ನಿಂದ ಮಾಸ್‌ಫೆಟ್‌ನ ಗೇಟ್‌ಗೆ. ಮಾಸ್‌ಫೆಟ್ ಅಂದರೆ ಕರೆಂಟ್ ಬದಲು ವೋಲ್ಟೇಜ್ ಕೊಟ್ಟರೆ ತೆರೆದುಕೊಳ್ಳುವ ಟ್ರಾನ್ಸಿಸ್ಟರ್. ಅಕ್ಷರ ನಿಮ್ಮ ಕಡೆಗಿದ್ದರೆ ಎಡದಿಂದ ಗೇಟ್, ಡ್ರೈನ್, ಸೋರ್ಸ್. ಸೋರ್ಸ್ ನೆಗೆಟಿವ್‌ಗೆ. ಮೋಟಾರ್ ಪಾಸಿಟಿವ್ ಮತ್ತು ಡ್ರೈನ್ ನಡುವೆ, ಡಯೋಡ್ ಮತ್ತು 104 ಕೆಪಾಸಿಟರ್ ಮೊದಲಿನಂತೆಯೇ.

ಐಆರ್‌ಎಲ್ ಅಂತ ಶುರುವಾಗುವ ಮಾಸ್‌ಫೆಟ್ಟೇ ಯಾಕೆ? ಅದು 4-5 ವೋಲ್ಟ್‌ಗೆ ಚೆನ್ನಾಗಿ ತೆರೆದುಕೊಳ್ಳುತ್ತದೆ. ಹೆಸರಿನಲ್ಲಿ ಹತ್ತಿರವಿರುವ ಐಆರ್‌ಎಫ್‌ಝಡ್44ಎನ್ ಅಥವಾ ಐಆರ್‌ಎಫ್540ಎನ್‌ಗೆ ಪೂರ್ತಿ ತೆರೆಯಲು 10 ವೋಲ್ಟ್ ಬೇಕು. 6 ವೋಲ್ಟ್‌ನಲ್ಲಿ ಅದೃಷ್ಟವಿದ್ದರೆ ಓಡುತ್ತದೆ, ಸೆಲ್ ಇಳಿದರೆ ನಿಲ್ಲುತ್ತದೆ. ಒಂದೇ ಒಂದು ಅಕ್ಷರದ ವ್ಯತ್ಯಾಸ, ಕೊಳ್ಳುವಾಗ ಕಣ್ಣಿಟ್ಟು ನೋಡಿ. ಸರಿಯಾದದ್ದು ಹಾಕಿದರೆ 1 ಆಂಪಿಯರ್ ಹರಿಯುವಾಗಲೂ ಮಾಸ್‌ಫೆಟ್‌ನಲ್ಲಿ 0.05 ವೋಲ್ಟ್ ಕೂಡ ಕಳೆದುಹೋಗುವುದಿಲ್ಲ.

ಆ 220 ಕಿಲೋ ಓಮ್‌ನ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆಳಕು ಸರಿಯಾಗಿ ಗಡಿಯ ಮೇಲೇ ಇದ್ದರೆ ಕಂಪ್ಯಾರೇಟರ್ ಹೌದು, ಇಲ್ಲ, ಹೌದು, ಇಲ್ಲ ಅಂತ ತಡಬಡಿಸುತ್ತದೆ, ಮೋಟಾರ್ ನಡುಗುತ್ತದೆ. ಈ ರೆಸಿಸ್ಟರ್ ಔಟ್‌ಪುಟ್‌ನ ಚೂರನ್ನು ವಾಪಸ್ ಒಳಗೆ ಕೊಟ್ಟು ಹತ್ತುವ ಗಡಿ ಮತ್ತು ಆರುವ ಗಡಿಯನ್ನು ಬೇರೆ ಮಾಡುತ್ತದೆ. ಇಲ್ಲಿ ಅಂತರ ಸುಮಾರು ಕಾಲು ವೋಲ್ಟ್. ಇದಕ್ಕೆ ಹಿಸ್ಟೆರಿಸಿಸ್ ಅಂತ ಹೆಸರು. ತೀರ್ಪುಗಾರರು ಕೇಳುವ ಪ್ರಶ್ನೆಗಳಲ್ಲಿ ಇದೂ ಬರಬಹುದು, ನಿಮ್ಮ ಮಾತಿನಲ್ಲೇ ವಿವರಿಸಲು ಕಲಿತಿರಿ. ಇನ್ನು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ತಡ ಮಾಡಿಸುತ್ತದೆ. ಯಾರೋ ಫೋಟೋ ತೆಗೆದ ಫ್ಲ್ಯಾಶ್‌ಗೆ, ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುವುದಕ್ಕೆ ಗಾಡಿ ಹೊರಡದಿರಲು ಇದು ಸಹಾಯ ಮಾಡುತ್ತದೆ.

ಕತ್ತಲಾದಾಗ ತಿರುಗಬೇಕು ಅಂತ ನಿಯಮ ಇದ್ದರೆ ಎಲ್‌ಡಿಆರ್ ಮತ್ತು ಅದರ ಕೆಳಗಿನ ರೆಸಿಸ್ಟರನ್ನು ಅದಲುಬದಲು ಮಾಡಿ. ಬೇರೆ ಏನೂ ಮುಟ್ಟಬೇಕಿಲ್ಲ.

ಹಂತ 7: ಒಮ್ಮೆ ಬೆಳಕು ಬಿದ್ದರೆ ಓಡುತ್ತಲೇ ಇರಬೇಕಾದರೆ

220 ಕಿಲೋ ಓಮ್ ತೆಗೆದು ಅದರ ಜಾಗದಲ್ಲಿ 1ಎನ್4148 ಡಯೋಡ್ ಹಾಕಿ. ಪಟ್ಟಿ 3ನೇ ಪಿನ್ ಕಡೆಗೆ ಇರಲಿ. ಔಟ್‌ಪುಟ್ ಮೇಲೆದ್ದ ಕೂಡಲೇ ಡಯೋಡ್ ಮೂಲಕ 3ನೇ ಪಿನ್‌ನ ವೋಲ್ಟೇಜ್ ಗಡಿಗಿಂತ ಮೇಲೆಯೇ ಉಳಿಯುತ್ತದೆ, ಟಾರ್ಚ್ ತೆಗೆದರೂ ಮೋಟಾರ್ ನಿಲ್ಲುವುದಿಲ್ಲ. ನಿಲ್ಲಿಸಲು ಬ್ಯಾಟರಿ ಸ್ವಿಚ್ ಆಫ್ ಮಾಡಿ. ಆಫ್ ಮಾಡಿದ ತಕ್ಷಣ ಆನ್ ಮಾಡಬೇಡಿ, 470 ಮೈಕ್ರೋಫ್ಯಾರಡ್ ಖಾಲಿಯಾಗಲು ನಾಲ್ಕೈದು ಸೆಕೆಂಡ್ ಬಿಡಿ.

ಇಲ್ಲಿ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಲ್ಲದಿದ್ದರೆ ಸ್ವಿಚ್ ಹಾಕುವಾಗಲೇ ಮೋಟಾರ್ ಹೊರಟುಬಿಡಬಹುದು. ಪವರ್ ಬರುವ ಮೊದಲ ಕ್ಷಣದಲ್ಲಿ ಐಸಿ ಇನ್ನೂ ಎಚ್ಚರವಾಗಿರುವುದಿಲ್ಲ, ಪುಲ್‌ಅಪ್ ಔಟ್‌ಪುಟನ್ನು ಮೇಲೆತ್ತುತ್ತದೆ, ಡಯೋಡ್ ಅದನ್ನೇ ಹಿಡಿದುಕೊಳ್ಳುತ್ತದೆ. ಕೆಪಾಸಿಟರ್ ಆ ಕ್ಷಣದಲ್ಲಿ 3ನೇ ಪಿನ್ನನ್ನು ಕೆಳಗೆ ಹಿಡಿದಿರುತ್ತದೆ.

ಹಂತ 8: ಬ್ರೆಡ್‌ಬೋರ್ಡ್‌ನಿಂದ ಗಟ್ಟಿ ಬೋರ್ಡ್‌ಗೆ

ಬ್ರೆಡ್‌ಬೋರ್ಡ್‌ನಲ್ಲಿ ಎಲ್ಲ ಸರಿಯಾದ ಮೇಲೆ ತೂತುಗಳಿರುವ ಪಿಸಿಬಿ ಮೇಲೆ ಸೋಲ್ಡರ್ ಮಾಡಿ. ಓಡುವ ಗಾಡಿಯ ಮೇಲೆ ಬ್ರೆಡ್‌ಬೋರ್ಡ್ ಇಟ್ಟರೆ ಅಲುಗಾಟಕ್ಕೆ ವೈರ್ ಕಳಚುತ್ತದೆ. ಐಸಿಗೆ ಸಾಕೆಟ್ ಹಾಕಿ, ಐಸಿಯನ್ನೇ ಬಿಸಿ ಮಾಡಬೇಡಿ. ಮೋಟಾರ್‌ನ ನೆಗೆಟಿವ್ ಕರೆಂಟ್, ಅಂದರೆ ಸೋರ್ಸ್‌ನಿಂದ ಬರುವುದು, ದಪ್ಪ ತಂತಿಯಲ್ಲಿ ನೇರ ಬ್ಯಾಟರಿಗೆ ಹೋಗಲಿ. ಐಸಿಯ ನೆಗೆಟಿವ್ ಬೇರೆ ತಂತಿಯಲ್ಲಿ ಬ್ಯಾಟರಿಯ ಹತ್ತಿರವೇ ಸೇರಲಿ. ಎರಡೂ ಒಂದೇ ಸಣ್ಣ ತಂತಿಯಲ್ಲಿ ಹೋದರೆ ಮೋಟಾರ್ ಎಳೆದಾಗಲೆಲ್ಲ ಐಸಿಯ ಅಳತೆ ಅಲ್ಲಾಡುತ್ತದೆ. ಬ್ರೆಡ್‌ಬೋರ್ಡ್‌ನಲ್ಲೇ ಏನೂ ನಡೆಯದಿದ್ದರೆ ಪಕ್ಕದ ಉದ್ದ ಪಟ್ಟಿಗಳನ್ನು ನೋಡಿ, ಕೆಲವು ಬೋರ್ಡ್‌ಗಳಲ್ಲಿ ಅವು ನಡುವೆ ತುಂಡಾಗಿರುತ್ತವೆ.

ಹಂತ 9: ಸ್ಪರ್ಧೆಯ ಜಾಗದಲ್ಲಿ ಗಡಿ ಹಾಕುವುದು

ಮನೆಯಲ್ಲಿ ಹಾಕಿದ ಗಡಿ ಅಲ್ಲಿಗೆ ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅಭ್ಯಾಸಕ್ಕೆ ಸಮಯ ಕೊಟ್ಟಾಗ ಗಾಡಿಯನ್ನು ಓಟ ಶುರುವಾಗುವ ಗೆರೆಯ ಮೇಲೆ, ನಿಜವಾಗಿ ಮುಖ ಮಾಡಬೇಕಾದ ದಿಕ್ಕಿಗೇ ಇಡಿ. ಮೋಟಾರ್ ವೈರ್ ಬಿಚ್ಚಿ. ಮೀಟರ್‌ನ ಕಪ್ಪು ತುದಿ ನೆಗೆಟಿವ್‌ಗೆ, ಕೆಂಪು ತುದಿ ನಡುಗಂಟಿಗೆ. ಟಾರ್ಚ್ ಇಲ್ಲದೆ ಎಷ್ಟು ವೋಲ್ಟ್, ಟಾರ್ಚ್ ಬಿಟ್ಟಾಗ ಎಷ್ಟು, ಬರೆದುಕೊಳ್ಳಿ. ಎರಡರ ಸರಿ ನಡುವಿನ ಸಂಖ್ಯೆ ಬರುವವರೆಗೆ 2ನೇ ಪಿನ್ ನೋಡಿಕೊಂಡು ಪ್ರೀಸೆಟ್ ತಿರುಗಿಸಿ. 1.4 ಮತ್ತು 4.5 ಬಂದಿದ್ದರೆ 2.9 ಅಥವಾ 3. ಮೀಟರ್ ಒಯ್ಯಲು ಬಿಡುವುದಿಲ್ಲ ಅಂದರೆ 1ನೇ ಪಿನ್‌ನಿಂದ ನೆಗೆಟಿವ್‌ಗೆ 2.2 ಕಿಲೋ ಓಮ್ ಜೊತೆ ಎಲ್‌ಇಡಿ ಹಾಕಬೇಡಿ, ಅದು ಗೇಟ್‌ನ ವೋಲ್ಟೇಜನ್ನೇ ಇಳಿಸುತ್ತದೆ. ಮೋಟಾರ್ ಜಾಗದಲ್ಲಿ 470 ಓಮ್ ಮತ್ತು ಎಲ್‌ಇಡಿ ಹಾಕಿಕೊಂಡು ಹೊಂದಿಸಿ. ಹತ್ತುವ ಜಾಗ ಸಿಕ್ಕ ಮೇಲೆ ಪ್ರೀಸೆಟನ್ನು ಸ್ವಲ್ಪ ಹಿಂದಕ್ಕೆ ತನ್ನಿ.

ಎರಡು ವೋಲ್ಟೇಜ್‌ಗಳ ಅಂತರ ಅರ್ಧ ವೋಲ್ಟ್‌ಗಿಂತ ಕಡಿಮೆ ಬಂತು ಅಂದರೆ ಪ್ರೀಸೆಟ್ ತಿರುಗಿಸಿ ಪ್ರಯೋಜನವಿಲ್ಲ. ಕೊಳವೆಯನ್ನು ಉದ್ದ ಮಾಡಿ, ಟಾರ್ಚ್ ಬರುವ ದಿಕ್ಕಿಗೆ ಸರಿಯಾಗಿ ತಿರುಗಿಸಿ, ಅಥವಾ ಕೆಳಗಿನ ರೆಸಿಸ್ಟರ್ ಬದಲಿಸಿ. ನಡುಗಂಟು ಎರಡೂ ಸಲ 5 ವೋಲ್ಟ್ ಮೇಲೆ ಇದ್ದರೆ ಚಿಕ್ಕ ರೆಸಿಸ್ಟರ್ ಬೇಕು, ಎರಡೂ ಸಲ 1 ವೋಲ್ಟ್ ಕೆಳಗಿದ್ದರೆ ದೊಡ್ಡದು. ಅದಕ್ಕೇ ಆ ರೆಸಿಸ್ಟರನ್ನು ಸೋಲ್ಡರ್ ಮಾಡದೆ ಎರಡು ಪಿನ್‌ನ ಸಾಕೆಟ್‌ಗೆ ಸಿಕ್ಕಿಸಿ, ಜೇಬಿನಲ್ಲಿ 470 ಓಮ್, 1, 2.2, 4.7 ಮತ್ತು 10 ಕಿಲೋ ಓಮ್ ಒಂದೊಂದು ಇಟ್ಟುಕೊಳ್ಳಿ.

ಹಾಲ್‌ನಲ್ಲಿ ಕಿಟಕಿ ಇದ್ದರೆ ಬೆಳಿಗ್ಗೆ ಹಾಕಿದ ಗಡಿಯನ್ನು ಮಧ್ಯಾಹ್ನದ ಸುತ್ತಿಗೆ ಮುಂಚೆ ಮತ್ತೆ ನೋಡಿ. ಬ್ಯಾಗ್‌ನಲ್ಲಿ ಹೊಸ ಸೆಲ್‌ಗಳು, ಇನ್ನೊಂದು ಎಲ್‌ಡಿಆರ್, ಇನ್ನೊಂದು ಮಾಸ್‌ಫೆಟ್, ಇನ್ನೊಂದು ಎಲ್‌ಎಂ393, ಪ್ರೀಸೆಟ್‌ಗೆ ಹೊಂದುವ ಸ್ಕ್ರೂಡ್ರೈವರ್, ಕಪ್ಪು ಟೇಪ್ ಇರಲಿ. ಸರ್ಕ್ಯೂಟ್‌ನ ಚಿತ್ರವನ್ನು ದೊಡ್ಡದಾಗಿ ಬರೆದು, ಆ ಎರಡು ವೋಲ್ಟೇಜ್‌ಗಳನ್ನೂ ಅದರ ಮೇಲೇ ಗುರುತು ಹಾಕಿ, ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ.